ಮೇಜರ್‌ನನ್ನು ಕೊಟ್ಟ ಬೆಳಗ್ಗೆ

ನಮ್ಮ ಮನೆಯಲ್ಲಿ ಬೀಗ ಬೀಳುತ್ತಿದ್ದದ್ದು ಕೊಟ್ಟಿಗೆಗೆ ಮಾತ್ರ. ಮುಂಬಾಗಿಲು ಹಗಲೆಲ್ಲ ಹಾರುಹೊಡೆದಿರುತ್ತಿತ್ತು. ಕೋಳಿ, ಬೆಕ್ಕು, ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯವರು, ಯಾರು ಬೇಕಾದರೂ ನೇರ ಅಡುಗೆಮನೆಯವರೆಗೆ ನಡೆದು ಬರಬಹುದಿತ್ತು. ಕೊಟ್ಟಿಗೆಯ ಬೀಗದ ಕೈ ಮಾತ್ರ ಅಮ್ಮನ ಸೊಂಟ ಬಿಟ್ಟು ಅಲುಗುತ್ತಿರಲಿಲ್ಲ. ಗೊತ್ತಿಲ್ಲದವರು ಯಾರಾದರೂ ಒಳಗೆ ಹೋಗಿ ಮೂಳೆ ಮುರಿಸಿಕೊಂಡಾರು ಎಂಬ ಭಯ ಅವಳಿಗೆ. ಒಳಗೆ ಮೂರು ಸೀಮೆಹಸು, ಅವುಗಳಾಚೆ ಅಡ್ಡಗಟ್ಟಿದ ಬೊಂಬುಗಳ ಹಿಂದೆ ಒಂದು ಕಂದು ಬಣ್ಣದ ಸವಾರಿ ಕುದುರೆ. ಹೆಸರು ಮೇಜರ್. ಬೂದಿಕೋಟೆಯಿಂದ ಬಂಗಾರಪೇಟೆಗೆ ಹೋಗುವ ಬಸ್ಸು ನಮ್ಮ ಮನೆಯ ಮುಂದೆ ಹಾರನ್ ಹೊಡೆದಾಗೆಲ್ಲ ಒಳಗಿನಿಂದ ಬೊಂಬಿಗೆ ಗೊರಸು ಬಡಿದ ಸದ್ದು ಕೇಳುತ್ತಿತ್ತು. ನಾವು ಊಟಕ್ಕೆ ಕೂತಿದ್ದರೆ ಎಲ್ಲರ ಕೈಯೂ ತಟ್ಟೆಯಲ್ಲೇ ನಿಲ್ಲುತ್ತಿತ್ತು. ಎರಡನೇ ಸಲ ಸದ್ದು ಬರದಿದ್ದರೆ ಊಟ ಮುಂದುವರಿಯುತ್ತಿತ್ತು. ಬಂದರೆ ಅಮ್ಮ ಎಂಜಲು ಕೈಯಲ್ಲೇ ಎದ್ದು ಹೋಗುತ್ತಿದ್ದಳು. ನನಗೆ ಹನ್ನೆರಡು ತುಂಬಿದ್ದ ಆ ಒಂದು ವರ್ಷ ನಮ್ಮ ಮನೆ ಹೀಗೆ ಕಿವಿ ನೆಟ್ಟಗೆ ಮಾಡಿಕೊಂಡೇ ಬದುಕಿತು.

ಅಪ್ಪ ಕೋರಮಂಡಲ್‌ನಲ್ಲಿ ಗಣಿಯ ದೊಡ್ಡ ಅಧಿಕಾರಿಗಳ ಬಂಗಲೆಯಲ್ಲಿ ಕುದುರೆ ನೋಡಿಕೊಳ್ಳುವ ಕೆಲಸಕ್ಕಿದ್ದರು. ಲಾಯದ ಪಕ್ಕದ ಕೋಣೆಯಲ್ಲೇ ಅವರ ವಾಸ. ಭಾನುವಾರ ಮಧ್ಯಾಹ್ನ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಬಸ್ಸು ಹಿಡಿದು ಮನೆ ಸೇರಿ, ಸೋಮವಾರ ಕೋಳಿ ಕೂಗುವ ಮೊದಲು ಹೊರಟುಬಿಡುತ್ತಿದ್ದರು. ಹೀಗಾಗಿ ಮನೆ ನಡೆಸುತ್ತಿದ್ದವರು ಅಮ್ಮ ಮತ್ತು ಅಜ್ಜಿ. ಅಜ್ಜಿ ಅಪ್ಪನ ತಾಯಿ. ಹಸುಗಳ ವಿಷಯದಲ್ಲಿ ಅತ್ತೆ ಸೊಸೆಯರು ಎಷ್ಟು ಕಚ್ಚಾಡುತ್ತಿದ್ದರೂ ಅಪ್ಪನ ಮುಂದೆ ಮಾತ್ರ ಇಬ್ಬರೂ ಒಂದಾಗುತ್ತಿದ್ದರು. ಗಣಿ ಮುಚ್ಚುತ್ತದೆಂಬ ಮಾತು ಎದ್ದ ಕಾಲದಲ್ಲಿ ಕೊನೆಯ ಅಧಿಕಾರಿಯೂ ಗಂಟುಮೂಟೆ ಕಟ್ಟಿದರು. ಹೋಗುವಾಗ, ಇದನ್ನು ನೀನೇ ಇಟ್ಟುಕೋ, ಇದಕ್ಕೆ ನಿನ್ನ ಬಿಟ್ಟರೆ ಯಾರೂ ಆಗದು ಎಂದು ಅಪ್ಪನ ಕೈಗೆ ಮೇಜರ್‌ನ ಹಗ್ಗ ಕೊಟ್ಟರಂತೆ. ಅಪ್ಪ ಅದನ್ನು ಕೋರಮಂಡಲ್‌ನಿಂದ ನಮ್ಮ ಮನೆಯವರೆಗೆ ನಡೆಸಿಕೊಂಡೇ ಬಂದರು. ಅಜ್ಜಿ ಹೊಸ ಹಸು ಬಂದಾಗ ಮಾಡುವಂತೆಯೇ ಬಾಗಿಲಲ್ಲಿ ನಿಲ್ಲಿಸಿ ಅರಿಶಿನ ಕುಂಕುಮ ಇಟ್ಟಳು, ಕೊಂಬಿಲ್ಲದ ತಲೆಗೆ ಹೂ ಎಲ್ಲಿ ಸುತ್ತುವುದೆಂದು ತಿಳಿಯದೆ ಕುತ್ತಿಗೆಗೆ ಹಾಕಿದಳು. ಮೇಜರ್ ಆ ಹೂವನ್ನು ತಿಂದುಬಿಟ್ಟಿತು. ಎಲ್ಲರೂ ನಕ್ಕೆವು. ಕುದುರೆಯ ವಿಷಯಕ್ಕೆ ನಮ್ಮ ಮನೆಯವರೆಲ್ಲ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಮೊದಲ ತಿಂಗಳು ಚೆನ್ನಾಗಿತ್ತು. ದಿನಾ ಬೆಳಗ್ಗೆ ಅಮ್ಮ ದೊಡ್ಡ ಪಾತ್ರೆಯಲ್ಲಿ ಹುರುಳಿ ಬೇಯಿಸುತ್ತಿದ್ದಳು. ಕಾಳು ಮೇಜರ್‌ಗೆ, ಬಸಿದ ಕಟ್ಟು ನಮ್ಮ ಸಾರಿಗೆ. ಮುದ್ದೆ ಮುರಿಯುತ್ತ ಅಜ್ಜಿ, ಕುದುರೆ ತಿಂದು ಬಿಟ್ಟಿದ್ದನ್ನು ನಾವು ಕುಡಿಯುತ್ತಿದ್ದೇವೆ ಎಂದು ಗೊಣಗುತ್ತಲೇ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದಳು. ಅಪ್ಪ ಅದರ ಮೈ ತಿಕ್ಕುವುದನ್ನು ನೋಡಲು ಬೀದಿಯವರು ನಿಲ್ಲುತ್ತಿದ್ದರು. ನೋಡಿದವರೆಲ್ಲ ಕೇಳುತ್ತಿದ್ದದ್ದು ಒಂದೇ, ಯಾವಾಗ ಹತ್ತಿ ತೋರಿಸುತ್ತೀಯ ಎಂದು. ಅಪ್ಪ ಕುದುರೆಯ ಮೇಲೆ ಒಂದು ದಿನವೂ ಕೂತವರಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಅವರು ಕುದುರೆ ತೊಳೆದಿದ್ದರು, ಮೇಯಿಸಿದ್ದರು, ಜೀನು ಬಿಗಿದಿದ್ದರು, ಸಾಹೇಬರು ಹತ್ತುವವರೆಗೆ ಲಗಾಮು ಹಿಡಿದು ನಿಂತಿದ್ದರು. ಹತ್ತುವುದು ಅವರ ಕೆಲಸವಾಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ಒಂದು ಸಂಜೆ ಕೆರೆಯಂಗಳದಲ್ಲಿ, ಅರ್ಧ ಊರಿನ ಮುಂದೆ, ಹತ್ತಿಯೇಬಿಟ್ಟರು. ಮೇಜರ್ ನಾಲ್ಕು ಹೆಜ್ಜೆ ಹಾಕಿತು, ತಿರುಗಿತು, ಅಪ್ಪ ಕೆಸರಿನಲ್ಲಿದ್ದರು. ಜನ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ಯಾರು ಬಿದ್ದರೂ ನಗುವ ಹಾಗೆ ನಕ್ಕರು.

ಅಪ್ಪ ಕುದುರೆ ಹಿಡಿದು ಮನೆಗೆ ಬಂದಾಗ ಅಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದಳು, ಅಜ್ಜಿ ದೇವಸ್ಥಾನದಲ್ಲಿದ್ದಳು. ನಾನು ಕೊಟ್ಟಿಗೆಯ ಅಟ್ಟದ ಮೇಲೆ ಹುಲ್ಲು ಕೆಡವಲು ಹತ್ತಿದ್ದೆ. ಅಪ್ಪ ಮೇಜರ್‌ನ ತಲೆಗೆ ಹಾಕಿದ್ದ ಚರ್ಮದ ಪಟ್ಟಿ ಬಿಚ್ಚಿ, ಹಸುಗಳಿಗೆಂದು ತಂದಿದ್ದ ನೀಲಿ ನೈಲಾನ್ ಹಗ್ಗವನ್ನು ಕಿವಿಯ ಹಿಂದೆ ಬಿಗಿದು ಕಂಬಕ್ಕೆ ಗಿಡ್ಡಗೆ ಕಟ್ಟಿದರು. ಆಮೇಲೆ ಅದೇ ಹಗ್ಗದ ಉಳಿದ ತುದಿಯಿಂದ ಹೊಡೆದರು. ಕುದುರೆ ಹಿಂದಕ್ಕೆ ಜಗ್ಗಿದಷ್ಟೂ ಹಗ್ಗ ಕಿವಿಯ ಬುಡ ಕೊಯ್ಯುತ್ತಿತ್ತು. ನಾನು ಹುಲ್ಲಿನೊಳಗೆ ಮುಖ ಒತ್ತಿಕೊಂಡು ಉಸಿರು ಹಿಡಿದಿದ್ದೆ. ಅಷ್ಟು ಒಳ್ಳೆಯ ಮನುಷ್ಯ ಇದನ್ನು ಮಾಡುತ್ತಿದ್ದಾರೆ ಎನ್ನುವುದಕ್ಕಿಂತ, ನಾನು ನೋಡಿದ್ದು ಅವರಿಗೆ ತಿಳಿದರೆ ಏನಾದೀತು ಎಂಬ ಭಯವೇ ನನಗೆ ಹೆಚ್ಚಿತ್ತು. ಅವರು ಹೊರಗೆ ಹೋದ ಮೇಲೆ ಇಳಿದೆ. ಯಾರಿಗೂ ಹೇಳಲಿಲ್ಲ. ಕಿವಿಯ ಹಿಂದಿನ ಗಾಯಕ್ಕೆ ಅಪ್ಪ, ಬೊಂಬಿಗೆ ಉಜ್ಜಿಕೊಂಡಿದೆ ಎಂದರು. ಅಮ್ಮ ಅರಿಶಿನ ಎಣ್ಣೆ ಹಚ್ಚಿದಳು.

ಆ ದಿನದಿಂದ ಮೇಜರ್ ಬೇರೆ ಪ್ರಾಣಿಯಾಯಿತು. ತಲೆಯ ಹತ್ತಿರ ಯಾರ ಕೈ ಬಂದರೂ ಮುಂಗಾಲು ಎತ್ತುತ್ತಿತ್ತು. ಎರಡು ತಿಂಗಳಾದ ಮೇಲೆ ಅಪ್ಪನನ್ನು ಗೋಡೆಗೆ ಒತ್ತಿ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದ ಅಪ್ಪನ ಮಂಚ ಜಗಲಿಗೆ ಬಂತು. ಕೊಟ್ಟಿಗೆಗೆ ಹೋಗಲು ಇನ್ನು ಉಳಿದವಳು ಅಮ್ಮ ಒಬ್ಬಳೇ. ಅವಳು ಕುದುರೆಯನ್ನು ಹಸುವಿನ ಹಾಗೇ ನೋಡುತ್ತಿದ್ದಳು: ಹಾಲು ಕರೆಯುವವಳಂತೆ ಬಗಲಿಂದ ಹೋಗಿ, ಹಣೆಯನ್ನು ಅದರ ಹೊಟ್ಟೆಗೆ ಆನಿಸಿ, ಏನೋ ಗುನುಗುತ್ತ, ಅದರ ಉಸಿರು ನಿಧಾನವಾಗುವವರೆಗೆ ಕಾದು, ಆಮೇಲೆ ಕೈಯನ್ನು ಇಂಚಿಂಚಾಗಿ ಮೇಲಕ್ಕೆ ತರುತ್ತಿದ್ದಳು. ಅವಳು ಕೂಡ ಹೆದರಿದ್ದಳು. ಹೊರಬಂದಾಗ ಅವಳ ಕುಬಸ ಬೆನ್ನಿಗೆ ಅಂಟಿರುತ್ತಿತ್ತು.

ಮೇಜರ್‌ಗೆ ಬೇರೆ ಮನೆ ಹುಡುಕಲೇಬೇಕೆಂದು ಮೊದಲು ಹೇಳಿದ್ದು ಅಜ್ಜಿ. ಅಮ್ಮನೂ ಒಪ್ಪಿದಳು, ಆದರೆ ಕುದುರೆ ತಿಳಿದವರಿಗೇ ಕೊಡಬೇಕು, ಗುಣ ಹೇಳಿಯೇ ಕೊಡಬೇಕು ಎಂದಳು. ಜಗಳ ಶುರುವಾದದ್ದು ಅಲ್ಲಿಂದ. ಅಮ್ಮ ಒದೆಯುವ ಹಸುವನ್ನು ಮಾರುವಾಗ ಒದೆಯುತ್ತದೆ ಎಂದು ಹೇಳಿಯೇ ಮಾರುವವಳು. ಅಪ್ಪನಿಗೆ ತಾವು ಸಾಕಿದ ಕುದುರೆಗೆ ಕೆಟ್ಟ ಹೆಸರು ಬರಬಾರದು.

"ಅದು ಅಸು ಇದ್ದಂಗೆ ಸಾಧು. ನಿಮಗೆ ಇಡ್ಯಾಕೆ ಬರಲ್ಲ ಅಷ್ಟೆ," ಎಂದರು ಅಪ್ಪ ಮಂಚದಿಂದಲೇ.

"ಅಸು ಆಗಿದ್ರೆ ನೀನ್ಯಾಕೆ ಮಂಚ ಇಡಿದಿದ್ದೀಯ?" ಎಂದಳು ಅಮ್ಮ. "ನಾಳೆ ಯಾರ್ದೋ ಮನೇಲಿ ಮಗು ಸತ್ರೆ ನಿನ್ ತಲೆ ಮೇಲೆ ಬತ್ತದೋ ಅದರ ತಲೆ ಮೇಲೆ ಬತ್ತದೋ?"

"ಕೊಟ್ಟು ಕೈ ತೊಳ್ಕೊಳಿ ಅತ್ಲಾಗೆ. ನನ್ ಮಗ ಉಳ್ದಿದ್ದೇ ಎಚ್ಚು," ಎಂದಳು ಅಜ್ಜಿ.

ಮೊದಲು ಬಂದವರು ಕೋರಮಂಡಲ್‌ನ ಪೆರುಮಾಳ್. ಮದುವೆಗಳಿಗೆ ಬ್ಯಾಂಡ್‌ಸೆಟ್ ಕಳಿಸುವವರು, ಗಂಡನ್ನು ಕುದುರೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿಸುವುದು ಹೊಸದಾಗಿ ಶುರುವಾಗಿತ್ತು. ಅಪ್ಪನನ್ನು ಲಾಯದ ಕಾಲದಿಂದ ಬಲ್ಲವರು. ಜಗಲಿಯ ಮೇಲೆ ಕಾಫಿಗೆ ಕೂರುವ ಮೊದಲೇ, ಕೊಟ್ಟಿಗೆಯ ಕಿಟಕಿಯಿಂದ ಬೊಂಬಿನಾಚೆಯ ಮೇಜರ್‌ನ ಎತ್ತರ ನೋಡಿ ಅವರ ಕಣ್ಣು ಅರಳಿತ್ತು.

"ಅಣ್ಣಾ, ಕೂಟ ಜಾಸ್ತಿ ಇರ್ತದೆ. ಡ್ರಮ್ಮು, ಪಟಾಕಿ. ಸುಮ್ನೆ ನಿಲ್ತದಾ?"

"ಗಣೀಲಿ ಬಾಂಬ್ ಒಡ್ಯೋ ಜಾಗದಲ್ಲಿ ಬೆಳ್ದಿರೋದು. ಪಟಾಕಿ ಯಾವ ಲೆಕ್ಕ," ಎಂದರು ಅಪ್ಪ.

"ತಲೆಗೆ ಜರಿ ಕುಚ್ಚು ಕಟ್ತೀವಿ, ಕಿವಿ ತನಕ. ಬಿಡ್ತದಲ್ಲಾ?"

ಅಪ್ಪ ತಲೆಯಾಡಿಸಿದರು. ಅಮ್ಮ ಆಗ ಡೈರಿಯಲ್ಲಿದ್ದಳು. ನಾನು ಕಾಫಿಯ ಲೋಟ ಎತ್ತಲು ಬಂದಿದ್ದೆ. ಬಣ್ಣದ ಪೇಟ ಕಟ್ಟಿದ ಯಾರೋ ಮದುಮಗ, ಸುತ್ತ ಮಕ್ಕಳು, ಕಿವಿಗೆ ಹಗ್ಗ ತಗಲುತ್ತಲೇ ಮೇಲೇಳುವ ಆ ಎರಡು ಗೊರಸು ನನಗೆ ಕಣ್ಣ ಮುಂದೆಯೇ ಕಂಡವು. ಬಾಯಿ ತಾನಾಗಿ ತೆರೆಯಿತು.

"ತಲೆ ಮುಟ್ಟಾಕೆ ಬಿಡಲ್ಲ ಮಾಮ. ಅಪ್ಪನ ಕಾಲು ಮುರಿದಿದ್ದು ಅದೇನೇ."

ಅಪ್ಪ ಎಲ್ಲರಿಗೂ ಬಸ್ಸಿನಿಂದ ಬಿದ್ದೆ ಎಂದು ಹೇಳಿಕೊಂಡಿದ್ದರು. ಪೆರುಮಾಳ್ ಲೋಟ ಕೆಳಗಿಟ್ಟು, "ಸರಿಪ್ಪಾ, ಇನ್ನೊಂದ್ ಸಲ ಬತ್ತೀನಿ," ಎಂದು ಎದ್ದು ಹೋದರು. ಮತ್ತೆ ಬರಲಿಲ್ಲ. ಅಪ್ಪ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಮಾತು ಬಿಟ್ಟರು. ನೀರು ಬೇಕಾದರೆ ಅಜ್ಜಿಯನ್ನು ಕೂಗುತ್ತಿದ್ದರು. ನಾನು ತಟ್ಟೆ ಇಟ್ಟರೆ ಗೋಡೆ ನೋಡಿಕೊಂಡು ಉಣ್ಣುತ್ತಿದ್ದರು. ಈಗ ನಾನು ನಮ್ಮೂರ ಡೈರಿಯಲ್ಲಿ ಕಾರ್ಯದರ್ಶಿ, ಹಾಲಿಗೆ ನೀರು ಬೆರೆಸಿದವರಿಗೆ ಮುಖದ ಮೇಲೆ ಹೇಳುತ್ತೇನೆ, ಬಾಯಿ ಬಿರುಸಿನವಳು ಎಂಬ ಬಿರುದೂ ಇದೆ. ಆ ಬಾಯಿ ಬಂದದ್ದು ಅಪ್ಪ ಮಾತು ಬಿಟ್ಟ ಆ ಇಪ್ಪತ್ತು ದಿನಗಳಲ್ಲಿ ಎಂದರೆ ಯಾರೂ ನಂಬಲಾರರು. ಆಗ ಮಾತ್ರ ನನಗೆ ನನ್ನ ಬಾಯಿಯ ಮೇಲೇ ಸಿಟ್ಟಿತ್ತು. ನಿಜ ಹೇಳಿದೆನೆಂಬ ಸಮಾಧಾನವೂ ಇರಲಿಲ್ಲ, ಯಾಕೆಂದರೆ ನಾನು ಹೇಳಿದ್ದು ಅರ್ಧ. ಕುದುರೆ ಏನು ಮಾಡಿತು ಎಂದು ಹೇಳಿದ್ದೆ, ಕುದುರೆಗೆ ಏನಾಯಿತು ಎಂದು ಹೇಳಿರಲಿಲ್ಲ.

ಚೆಂಗಲ್‌ರಾಯಪ್ಪನವರ ಸುದ್ದಿ ತಂದದ್ದು ಹಾಲಿನ ವ್ಯಾನಿನ ಡ್ರೈವರು. ಪೊಲೀಸಿನ ಕುದುರೆ ದಳದಲ್ಲಿ ಸರ್ವಿಸ್ ಮುಗಿಸಿ ಕಾಮಸಮುದ್ರದ ಹತ್ತಿರ ಮಾವಿನ ತೋಪು, ಹಸು ಮಾಡಿಕೊಂಡಿದ್ದರು. ಒಂದು ಮುದಿ ಹೆಣ್ಣುಕುದುರೆ ಇತ್ತು, ಅದಕ್ಕೆ ಜೊತೆ ಬೇಕಿತ್ತು. ಮೊದಲ ಸಲ ಬಂದಾಗ ಕಾಫಿಯನ್ನೂ ಕುಡಿಯದೆ ನೇರ ಕೊಟ್ಟಿಗೆಗೆ ಹೋಗಿ, ಮೇಜರ್‌ಗೆ ಬೆನ್ನು ಕೊಟ್ಟು ಮೂಟೆಯ ಮೇಲೆ ಕೂತರು. ಒಂದು ಗಂಟೆ ಕೂತರು. ಮೇಜರ್ ಕೊನೆಗೆ ಬೊಂಬಿನಾಚೆಯಿಂದ ಕತ್ತು ಚಾಚಿ ಅವರ ಭುಜ ಮೂಸಿತು. ಅವರು ತಿರುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಣ್ಣಲ್ಲಿ ನೀರಿತ್ತು, ಇಷ್ಟು ದಿನ ಒಬ್ಬಳೇ ಹೊತ್ತದ್ದನ್ನು ಅರ್ಥ ಮಾಡಿಕೊಳ್ಳುವವರು ಯಾರೋ ಬಂದರಲ್ಲ ಎಂದು. ಹೊರಗೆ ಬಂದವರು ಜಗಲಿಯಲ್ಲಿ ಅಪ್ಪನ ಮುಂದೆ ನಿಂತರು.

"ಒಂದ್ ಮಾತು ಕೇಳ್ತೀನಪ್ಪಾ. ಇದನ್ನ ಯಾರಾದ್ರೂ ಒಡ್ದಿದ್ರಾ?"

"ಇಲ್ಲ," ಎಂದರು ಅಪ್ಪ.

"ಸರಿ. ಬರೋ ಬುಧವಾರ ಬತ್ತೀನಿ. ನೋಡಾನ."

ಬುಧವಾರ ಬೆಳಗಾಯಿತು. ಇವರೂ ಬೇಡವೆಂದರೆ ಅಜ್ಜಿ ಮಾಂಸಕ್ಕೆ ಕೊಳ್ಳುವವರಿಗೆ ಹೇಳಿ ಕಳಿಸುತ್ತೇನೆ ಎಂದು ಹಿಂದಿನ ದಿನವೇ ತೀರ್ಮಾನ ಹೇಳಿಬಿಟ್ಟಿದ್ದಳು. ಅಪ್ಪ ಆಗಷ್ಟೇ ಊರುಗೋಲು ಹಿಡಿದು ನಿಲ್ಲಲು ಕಲಿತಿದ್ದರು. ಅಂಗಳದವರೆಗೆ ಬಂದು ನೆಟ್ಟ ಕಲ್ಲು ಚಪ್ಪಡಿಗೆ ಒರಗಿ ನಿಂತರು. ಚೆಂಗಲ್‌ರಾಯಪ್ಪನವರು ಬಂದರು. ಅಮ್ಮ ಮೇಜರ್‌ನನ್ನು ಹೊರಗೆ ತಂದಳು, ತಲೆಗೆ ಅದರ ಹಳೆಯ ಚರ್ಮದ ಪಟ್ಟಿ. ನಮ್ಮ ಕಡೆ ಹಸು ಕೊಟ್ಟರೂ ಅದರ ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆ ಕೊಟ್ಟಿಗೆಯ ಭಾಗ್ಯವೂ ಹೋಗುತ್ತದೆಂದು ಬಿಚ್ಚಿಟ್ಟುಕೊಳ್ಳುತ್ತೇವೆ, ಕೊಳ್ಳುವವರು ತಮ್ಮ ಹೊಸ ಹಗ್ಗ ತರುತ್ತಾರೆ. ಕುದುರೆಗೂ ಅದೇ ನಿಯಮವೆಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ಯಾರಿಗೂ ಹೊಳೆಯಲಿಲ್ಲ. ಅಜ್ಜಿ ಪಟ್ಟಿಗಾಗಿ ದೂರದಿಂದಲೇ ಕೈ ಚಾಚಿದಳು. ಅಮ್ಮ ಹಣೆ ಆನಿಸಿ, ಗುನುಗಿ, ಅದನ್ನು ಬಿಚ್ಚಿ ಅತ್ತೆಯ ಕೈಗಿಟ್ಟಳು. ಹತ್ತು ವರ್ಷದಿಂದ ಹಸು ಕೊಂಡು ಕೊಟ್ಟು ಅಭ್ಯಾಸವಾಗಿದ್ದ ಚೆಂಗಲ್‌ರಾಯಪ್ಪನವರೂ ಅಷ್ಟೇ ಸಹಜವಾಗಿ ಚೀಲದಿಂದ ಹೊಸ ಹಗ್ಗ ತೆಗೆದರು. ಬಂಗಾರಪೇಟೆ ಸಂತೆಯ ನೀಲಿ ನೈಲಾನ್.

ಮೇಜರ್ ಹಾಗೆ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದು ಹಿಂಗಾಲಿನ ಮೇಲೆ ನೆಟ್ಟಗೆ ನಿಂತಿತು. ತಲೆಯಲ್ಲಿ ಏನೂ ಇಲ್ಲ, ಹಿಡಿಯಲು ಏನೂ ಇಲ್ಲ. ಗೊರಸು ಅಮ್ಮನ ತಲೆಯ ಮೇಲಿತ್ತು. ಅಜ್ಜಿ ಕಿರುಚಲೂ ಆಗದೆ ಕುಸಿದು ಕೂತಳು. ಚೆಂಗಲ್‌ರಾಯಪ್ಪನವರು ಹಗ್ಗ ಬೀಸಿ ಎಸೆದು, ಅಮ್ಮನ ರಟ್ಟೆ ಹಿಡಿದು ಎಳೆದರು. ಅವಳು ನಿಂತಿದ್ದ ಜಾಗದಲ್ಲಿ ಎರಡು ಗೊರಸೂ ನೆಲಕ್ಕೆ ಬಿದ್ದವು. ಮೇಜರ್ ಅಂಗಳದ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಡುಗುತ್ತ ನಿಂತಿತು. ಗೇಟಿನ ಕಡೆ ನುಗ್ಗಲಿಲ್ಲ. ಹಗ್ಗ ಬಿದ್ದಿದ್ದ ಜಾಗವನ್ನು ದಾಟಲು ಅದಕ್ಕೆ ಧೈರ್ಯ ಬರಲಿಲ್ಲ.

ಚೆಂಗಲ್‌ರಾಯಪ್ಪನವರು ಸ್ವಲ್ಪ ಹೊತ್ತು ಅದರ ಕಿವಿಯ ಹಿಂದಿನ ಕಲೆಯನ್ನು ದೂರದಿಂದಲೇ ನೋಡಿದರು. ಆಮೇಲೆ ಚೀಲ ಹೆಗಲಿಗೇರಿಸಿದರು.

"ನಾ ಓಗ್ತೀನಮ್ಮಾ. ಕುದುರೆಗೆ ಎದ್ರಿ ಅಲ್ಲ. ಏನಾಗಿದೆ ಅಂತ ತಿಳೀದೆ ತಗೊಂಡೋದ್ರೆ ನಾನೂ ಇಂಗೇ ಏನೋ ಮಾಡ್ತೀನಿ, ಅದು ಯಾರನ್ನೋ ಕೊಲ್ತದೆ, ಆಮೇಲೆ ಅದನ್ನ ಕೊಲ್ತಾರೆ. ಯೇಳೋರಿದ್ರೆ ಈಗ ಯೇಳಿ. ಇಲ್ಲಾಂದ್ರೆ ಬ್ಯಾಡ."

ಅಮ್ಮ ಅಪ್ಪನನ್ನು ನೋಡಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಜ್ಜಿ ಪಟ್ಟಿಯನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ನಾನು ನೆಲ ನೋಡುತ್ತಿದ್ದೆ. ಬಾಯಿ ತೆರೆದರೆ ಅಪ್ಪ ಮತ್ತೆಂದೂ ನನ್ನ ಕಡೆ ತಿರುಗುವುದಿಲ್ಲ, ತೆರೆಯದಿದ್ದರೆ ಮೇಜರ್ ನಾಳೆ ಇರುವುದಿಲ್ಲ. ಹನ್ನೆರಡು ವರ್ಷದವಳಿಗೆ ಅಷ್ಟು ಚೆನ್ನಾಗಿ ತಿಳಿದಿತ್ತು. ಚೆಂಗಲ್‌ರಾಯಪ್ಪನವರು ಗೇಟಿನ ಅಗುಳಿ ತೆಗೆದರು.

"ರತ್ನೀ," ಎಂದರು ಅಪ್ಪ. ಇಪ್ಪತ್ತು ದಿನದ ಮೇಲೆ ನನ್ನ ಹೆಸರು ಹಿಡಿದು ಕರೆದಿದ್ದರು. "ನೀನೇ ಯೇಳವ್ವ. ಅಟ್ಟದ ಮೇಲಿದ್ದೆಯಲ್ಲ."

ನಾನು ತಲೆ ಎತ್ತಿದೆ. ಹುಲ್ಲು ಸರಿದ ಸದ್ದು ಅವರಿಗೆ ಆವತ್ತೇ ಕೇಳಿಸಿತ್ತಂತೆ. ನನಗದು ತಿಳಿದದ್ದು ಈ ಮಾತಿನಿಂದಲೇ. ನಾನು ನೋಡಿದ್ದೇನೆಂದು ಗೊತ್ತಿದ್ದೂ ಅವರು ಅಷ್ಟು ತಿಂಗಳು ನನ್ನ ಕೈಯಿಂದ ನೀರು ಕುಡಿದಿದ್ದರು. ನಾನು ಹೇಳಿದೆ. ಕೆರೆಯಂಗಳದಿಂದ ಬಂದದ್ದು, ಪಟ್ಟಿ ಬಿಚ್ಚಿದ್ದು, ನೀಲಿ ಹಗ್ಗ, ಗಿಡ್ಡಗೆ ಕಟ್ಟಿದ್ದು. ಹೊಡೆದದ್ದಕ್ಕೆ ಬಂದಾಗ ಅಪ್ಪನ ಮುಖ ನೋಡಿ ನನ್ನ ನಾಲಿಗೆ ಹಿಂದೆಗೆಯಿತು.

"ಮೂರ್ ಏಟು ಒಡೆದ್ರು," ಎಂದೆ.

"ಮೂರಲ್ಲ," ಎಂದರು ಅಪ್ಪ. "ಕೈ ಸೋಲೋಗಂಟ ಒಡ್ದೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚೆಂಗಲ್‌ರಾಯಪ್ಪನವರು ಅಗುಳಿ ಮತ್ತೆ ಹಾಕಿ, ವಾಪಸು ಬಂದು, ಅಜ್ಜಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ಆ ಪಟ್ಟಿ ಕೊಡಬೇಕಮ್ಮಾ. ನಿಮ್ ಭಾಗ್ಯ ನಾನೇನೂ ತಗೊಂಡೋಗಲ್ಲ."

ಅಜ್ಜಿ ಆಯುಸ್ಸಿನಲ್ಲಿ ಯಾರಿಗೂ ಹಸು ಕಟ್ಟುವ ಒಂದು ಕಣ್ಣಿಯನ್ನೂ ಕೊಟ್ಟವಳಲ್ಲ. ಮಗನ ಕಡೆ ಒಮ್ಮೆ ನೋಡಿದಳು, ಕೊಟ್ಟಳು. ಅಮ್ಮ ಮೂಲೆಗೆ ಹೋಗಿ ತುಂಬ ಹೊತ್ತು ಹಣೆ ಆನಿಸಿ ನಿಂತು, ಕೊನೆಗೆ ಪಟ್ಟಿ ತೊಡಿಸಿದಳು. ಹೇಗೆ ಹೋಗಬೇಕು, ಎಲ್ಲಿಂದ ಕೈ ತರಬೇಕು ಎಂದು ಅವಳು ಹೇಳಿಕೊಟ್ಟಳು. ಮೂವತ್ತು ವರ್ಷ ಕುದುರೆ ದಳದಲ್ಲಿದ್ದವರು ಕೈ ಕಟ್ಟಿ ಕೇಳಿಸಿಕೊಂಡರು. ಕಾಮಸಮುದ್ರದವರೆಗೂ ನಡೆಸಿಕೊಂಡೇ ಹೋಗುತ್ತೇನೆ, ಸಂಜೆಯಾದರೂ ಪರವಾಗಿಲ್ಲ ಎಂದರು. ಗೇಟು ದಾಟುವ ಮೊದಲು ಅಪ್ಪನ ಮುಂದೆ ನಿಂತರು. ಮೇಜರ್ ಅಪ್ಪನನ್ನು ಕಂಡು ಕಿವಿ ಹಿಂದಕ್ಕೆ ಮಡಿಸಿತು.

"ಕಾಲು ಸರಿಯೋದ್ಮೇಲೆ ಬಾರಪ್ಪಾ ಒಂದ್ಸಲ. ಎಂಗಿದೆ ನೋಡ್ಕೊಂಡೋಗುವಂತೆ."

"ಬ್ಯಾಡಣ್ಣ," ಎಂದರು ಅಪ್ಪ. "ಅದು ಮರೀಬೇಕು ಅಂದ್ರೆ ನಾನು ಬರಬಾರ್ದು."

ಅಮ್ಮ ಮತ್ತು ನಾನು ಎಷ್ಟೋ ಸಲ ಹೋಗಿ ಬಂದೆವು. ತೋಪಿನಲ್ಲಿ ಮೇಜರ್‌ನ ಮೇಲೆ ಚೆಂಗಲ್‌ರಾಯಪ್ಪನವರು ಕೂತದ್ದನ್ನೂ ನೋಡಿದೆವು. ಬಂದು ಹೇಳಿದರೆ ಅಪ್ಪ ಎಲ್ಲವನ್ನೂ ಕೇಳುತ್ತಿದ್ದರು, ಗೊರಸು ಹೇಗಿದೆ, ಹಲ್ಲು ಹೇಗಿದೆ, ಹುರುಳಿ ಎಷ್ಟು ತಿನ್ನುತ್ತದೆ ಎಂದು. ಕಾಲು ಪೂರ್ತಿ ಸರಿಹೋಯಿತು, ಊರೂರು ತಿರುಗಿದರು. ಕಾಮಸಮುದ್ರದ ಬಸ್ಸನ್ನು ಮಾತ್ರ ಸಾಯುವವರೆಗೂ ಹತ್ತಲಿಲ್ಲ.